ರಟ್ಟಿನ ಡಬ್ಬಿಯ ಅಕ್ಕ
ರಟ್ಟಿನ ಡಬ್ಬಿ ಮಾಡಿಸುವ, ಕಣ್ಣು ಕಾಣದ ಈ ಅಕ್ಕನ ಫೋನಿನಿಂದ ಹೆಣ್ಣುದನಿಯೊಂದು ಒಂದೇ ಸಮನೆ ವಟಗುಟ್ಟುವುದನ್ನು ಮೊದಲ ದಿನ ಕೇಳಿ, ಕಂಪನಿಯ ಖರೀದಿ ವಿಭಾಗದ ಮಹಾಬುದ್ಧಿವಂತನಾದ ನಾನು, “ಅತ್ತೆ ಇಷ್ಟು ಬೈದ್ರೂ ಸುಮ್ನಿದ್ದೀರಲ್ಲಕ್ಕಾ” ಎಂದು ಮರುಗಿದ್ದೆ. “ಅತ್ತೆಯಲ್ಲ ತಮ್ಮಾ, ನಿಮ್ಮ ಕಂಪನಿ ಆರ್ಡರು. ಫೋನು ಓದಿ ಹೇಳ್ತಿದೆ” ಎಂದು ನಕ್ಕಿದ್ದರು. ವ್ಯಾಪಾರವನ್ನೆಲ್ಲ ಆ ದನಿಗೆ ಕಿವಿಗೊಟ್ಟು ಹೆಬ್ಬೆರಳಲ್ಲೇ ನಡೆಸುತ್ತಿದ್ದರು. ಯಾರಾದರೂ ಕಿರುಚಿ ಮಾತಾಡಿದರೆ, “ರಜಾ ಹಾಕಿರೋದು ಕಣ್ಣು, ಕಿವಿಯಲ್ಲ” ಎನ್ನುವರು. ಎಲ್ಲರನ್ನೂ ಒಳಗೊಳ್ಳುವ ಉದ್ಯಮದ ಬಗ್ಗೆ ಎಲ್ಲೇ ಸಭೆಯಾಗಲಿ, ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ, ಕೈಗೊಂದು ಹೂಗುಚ್ಛ, ಹೊಟ್ಟೆ ತುಂಬ ಚಪ್ಪಾಳೆ. ಹೋದ ವರ್ಷ ನಮ್ಮ ಕಂಪನಿ ಆರ್ಡರುಗಳನ್ನೆಲ್ಲ ಹೊಸ ಆ್ಯಪಿಗೆ ಹಾಕಿತು. ಅದರಲ್ಲಿ ಬರೀ ಚಿತ್ರಗಳು, ಫೋನು ಓದಿ ಹೇಳಲು ಒಂದಕ್ಕೂ ಹೆಸರು ಕೊಟ್ಟಿಲ್ಲ. ಅಕ್ಕ ಎಲ್ಲಿ ಮುಟ್ಟಿದರೂ ಫೋನು “ಬಟನ್, ಬಟನ್” ಎಂದು ಸುಮ್ಮನಾಗುತ್ತದೆ. ನಾನು ಮೇಲಿನವರಿಗೆ ಹೇಳಿದೆ. “ನೋಡೋಣ” ಎಂದರು, ನಾನೂ ಸಂಬಳದವನು, ತೆಪ್ಪಗಾದೆ. ಅಕ್ಕನಿಗೆ ಆರ್ಡರು ನಿಂತಿತು, ಅವರಲ್ಲಿ ಡಬ್ಬಿ ಅಂಟಿಸುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು, ಕೊನೆಗೆ ಕಾರ್ಖಾನೆಗೆ ಬೀಗ ಬಿತ್ತು. ಆದರೂ ಮೊನ್ನೆ ನಮ್ಮದೇ ಕಂಪನಿಯ ಸಭೆಗೆ ಅಕ್ಕ ಇಸ್ತ್ರಿ ಬಟ್ಟೆ ತೊಟ್ಟು ಬಂದು, ಮುಂದಿನ ಸಾಲಿನಲ್ಲಿ ಮುಗುಳ್ನಗುತ್ತ ಕೂತಿದ್ದರು. ತಡೆಯಲಾರದೆ, “ಎಲ್ಲಾ ಮುಚ್ಚಿಹೋದ ಮೇಲೂ ಇಲ್ಲಿಗ್ಯಾಕೆ ಬರ್ತೀರಕ್ಕಾ?” ಎಂದೆ. “ಮುಚ್ಚಿದ್ದು ಮನೇಲಿನ್ನೂ ಹೇಳಿಲ್ಲ, ತಮ್ಮಾ.”