ಕ್ಯಾಸೆಟ್ಟಿನಲ್ಲಿ ಇಲ್ಲದ ಜಯಲತಾ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ನನ್ನ ಎದುರು ಬಾಗಿಲಿನವರು ಜಯಲತಾ. ನಾನು ವಿಜಯಪುರದ ಕಡೆಯವಳು, ಅವರು ಉಡುಪಿಯ ಕಡೆಯವರು. ಊರಲ್ಲೇ ಇದ್ದಿದ್ದರೆ ಒಬ್ಬರ ಮುಖ ಇನ್ನೊಬ್ಬರು ನೋಡುವ ಸಂಭವವೇ ಇರಲಿಲ್ಲ. ಇಲ್ಲಿ ಮೂವತ್ತು ವರ್ಷದಿಂದ ನನ್ನ ಮನೆಯ ರೊಟ್ಟಿ ಅವರ ಮನೆಗೆ, ಅವರ ಮನೆಯ ನೀರುದೋಸೆ ನನ್ನ ಮನೆಗೆ ಹೋಗುತ್ತಿವೆ. ಕಾಂಚನಾ ಬಾಯಿಬಡಕಿ, ಜಯಲತಾ ಮಿತಭಾಷಿ ಎಂದು ಕಟ್ಟಡದವರೆಲ್ಲ ಹೇಳುತ್ತಾರೆ. ನನ್ನ ವಿಷಯದಲ್ಲಿ ಹೇಳುವುದು ನಿಜ. ಜಯಕ್ಕನ ವಿಷಯದಲ್ಲಿ ಶುದ್ಧ ಸುಳ್ಳು. ಮೊದಲಿನ ಹತ್ತು ವರ್ಷ ಆಕೆಯ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಆಮೇಲೆ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಬೆಳೆಯಿತು. ಗಡ್ಡೆ ಸ್ವರದ ನರಕ್ಕೇ ಸುತ್ತಿಕೊಂಡಿದೆ, ಜೀವ ಉಳಿಸಬಹುದು, ಸ್ವರದ ಭರವಸೆ ಕೊಡಲಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಅಲ್ಲಿಂದ ಇಲ್ಲಿಯವರೆಗೆ ಇಪ್ಪತ್ತು ವರ್ಷ, ಜಯಕ್ಕ ಬಾಯಿ ತೆರೆದರೆ ಮೊದಲು ಗಾಳಿ ಬರುತ್ತದೆ, ಅದರ ಹಿಂದೆ ಸ್ವಲ್ಪ ಮಾತು ಬರುತ್ತದೆ. ಮಾರ್ಕೆಟ್ಟಿನಲ್ಲಿ ಬೆರಳು ತೋರಿಸಿ ಭಾಜಿ ಕೊಳ್ಳುತ್ತಾರೆ. ರಿಕ್ಷಾದವನಿಗೆ ಎಲ್ಲಿ ನಿಲ್ಲಿಸಬೇಕೆಂದು ಹೆಗಲು ತಟ್ಟಿ ಹೇಳುತ್ತಾರೆ. ಗಂಡ ಗುಣಪಾಲಣ್ಣ ಕಲ್ಯಾಣ ಸ್ಟೇಷನ್ನಿನ ಹತ್ತಿರ ಹೋಟೆಲ್ ನಡೆಸುವವರು. ಬಂದವರ ಎದುರಿಗೆಲ್ಲ ಅವರದು ಒಂದೇ ಮಾತು: "ಸ್ವರ ಹೋದ್ರೆ ಹೋಗ್ಲಿ, ಆರೋಗ್ಯ ಉಂಟಲ್ಲ, ಸಾಕು." ಹೋಟೆಲಿನ ಗ್ರೈಂಡರ್ ನಿಂತರೆ ಕಟ್ಟಡಕ್ಕೆಲ್ಲ ಕೇಳುವಂತೆ ಫೋನಿನಲ್ಲಿ ಕೂಗಾಡುವ ಮನುಷ್ಯ ಹೆಂಡತಿಯ ಸ್ವರ ನಿಂತದ್ದಕ್ಕೆ ಇಷ್ಟು ಸಮಾಧಾನದಿಂದ ಇದ್ದಾರಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಜಯಕ್ಕನ ಸ್ವರ ಸಾಮಾನ್ಯದ್ದಾಗಿರಲಿಲ್ಲ. ಮದುವೆಗೆ ಮುಂಚೆ, ಹತ್ತೊಂಬತ್ತರ ಹುಡುಗಿಯಾಗಿದ್ದಾಗ, ಆಕೆ ಟಿ.ವಿ.ಯಲ್ಲಿ ಹಾಡಿದ್ದರು. ಮುಂಬಯಿಯ ಕನ್ನಡ ಹುಡುಗ ಹುಡುಗಿಯರನ್ನು ಸೇರಿಸಿ ಯಾರೋ ಪುಣ್ಯಾತ್ಮರು ಟಿ.ವಿ.ಗೆಂದೇ ಒಂದು ಹಾಡಿನ ನಾಟಕ ಮಾಡಿಸಿದ್ದರು. ಹೆಸರು 'ಒಂಟಿ ಗೆಜ್ಜೆ'. ಮಲತಾಯಿಯ ಮನೆಯಲ್ಲಿ ಒಲೆಯ ಬೂದಿ ತೆಗೆಯುವ ಹುಡುಗಿ, ಅರಮನೆಯ ಕುಣಿತ, ಕಳೆದುಹೋದ ಗೆಜ್ಜೆ, ಅದನ್ನು ಹಿಡಿದು ಮನೆಮನೆ ಅಲೆಯುವ ರಾಜಕುಮಾರ. ಜಗತ್ತಿನ ಎಲ್ಲ ಅಜ್ಜಿಯರಿಗೂ ಗೊತ್ತಿರುವ ಕಥೆ. ಬೂದಿಯ ಹುಡುಗಿ ನಮ್ಮ ಜಯಕ್ಕ. ಒಂದು ಭಾನುವಾರ ಬೆಳಗ್ಗೆ ಅದು ಟಿ.ವಿ.ಯಲ್ಲಿ ಬಂತು. ಒಂದೇ ಸಲ ಬಂತು. ಆ ಟೇಪಿನ ಮೇಲೆ ಮುಂದೆ ಬೇರೆ ಏನೋ ಕಾರ್ಯಕ್ರಮ ತುಂಬಿಸಿದರಂತೆ. ನಾಟಕ ಅಲ್ಲಿಗೆ ಅಳಿಸಿಹೋಯಿತು.

ಉಳಿದದ್ದು ಕ್ಯಾಸೆಟ್. ನಾಟಕ ಮೆಚ್ಚುಗೆಯಾಯಿತೆಂದು ಒಂದೆರಡು ತಿಂಗಳ ಮೇಲೆ ಅದೇ ಕಲಾವಿದರನ್ನು ದಾದರಿನ ಸ್ಟುಡಿಯೊಗೆ ಕರೆಸಿ ಹಾಡುಗಳನ್ನೆಲ್ಲ ಮತ್ತೆ ಹಾಡಿಸಿದರು. ಅವತ್ತು ಜಯಕ್ಕ ತವರುಮನೆಯಿದ್ದ ಕಲ್ಯಾಣದಲ್ಲಿ ಹತ್ತಿದ ಲೋಕಲ್ಲು ದಿವಾ ದಾಟಿ ಮುಂಬ್ರಾ ಸೇರುವ ಮೊದಲೇ ನಿಂತಿತು. ಓವರ್‌ಹೆಡ್ ವೈರು ತುಂಡಾಗಿತ್ತು. ರೇಷ್ಮೆ ಸೀರೆ ಉಟ್ಟು, ಥರ್ಮಾಸಿನಲ್ಲಿ ಶುಂಠಿ ಕಷಾಯ ಇಟ್ಟುಕೊಂಡು, ಲೇಡೀಸ್ ಡಬ್ಬಿಯಲ್ಲಿ ಕೂತಲ್ಲೇ ಕೂತಿದ್ದರು. ಹಳಿಯ ಮೇಲೆ ಇಳಿದು ನಡೆಯಲು ಪಕ್ಕದ ಡಬ್ಬಿಯಲ್ಲಿದ್ದ ಅಪ್ಪ ಬಿಡಲಿಲ್ಲ. ದಾದರ್ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದು ಸ್ಟುಡಿಯೊದಲ್ಲಿ ಬೇರೆಯವರ ರೆಕಾರ್ಡಿಂಗ್ ನಡೆದಿತ್ತು. ಕೋರಸ್ಸಿನಲ್ಲಿ ಹಾಡುತ್ತಿದ್ದ ಮಾಟುಂಗಾದ ರತ್ನಾವತಿ ಎಂಬ ಹುಡುಗಿಗೆ ಎಲ್ಲ ಹಾಡೂ ಬಾಯಿಪಾಠ ಇತ್ತಂತೆ. ಬೂದಿಯ ಹುಡುಗಿಯ ಮೂರೂ ಹಾಡನ್ನು ಅವಳಿಂದ ಹಾಡಿಸಿ ಕೈತೊಳೆದುಕೊಂಡಿದ್ದರು.

ಕ್ಯಾಸೆಟ್ ಹೊರಗೆ ಬಂದಾಗ ಮೇಲೆ ಜಯಕ್ಕನ ಫೋಟೊ, ಒಳಗೆ ರತ್ನಾವತಿಯ ಸ್ವರ. ಜಯಕ್ಕನ ಮದುವೆಯಲ್ಲಿ ಮೈಕಿಗೆ ಹಾಕಿದ್ದೂ ಅದನ್ನೇ. "ಅದು ನಾನಲ್ಲ" ಎಂದು ಆಕೆ ಹಸೆಮಣೆಯ ಮೇಲಿಂದಲೇ ಹೇಳಿದರಂತೆ. ಹುಡುಗಿಗೆ ಎಷ್ಟು ವಿನಯ ಎಂದು ಗಂಡಿನ ಕಡೆಯವರು ಇನ್ನಷ್ಟು ಮೆಚ್ಚಿಕೊಂಡರು. ಆಮೇಲೂ ಹೇಳಿದಾಗಲೆಲ್ಲ ಇದೇ ಕಥೆ. ಫೋಟೊ ಇದ್ದ ಮೇಲೆ ನಿಜ ಹೇಳಿದರೆ ಯಾರು ಕೇಳುತ್ತಾರೆ?

ಸ್ವರ ಇದ್ದಷ್ಟು ದಿನ ಇದು ನಗುವ ಮಾತಾಗಿತ್ತು. ಕುಕ್ಕರ್ ಇಳಿಸುತ್ತ ಹಾಡು, ಬಟ್ಟೆ ಒಣಗಿಸುತ್ತ ಹಾಡು, ಇಲ್ಲೇ ಬೇಕಾದಷ್ಟಿರುವಾಗ ಕ್ಯಾಸೆಟ್ಟಿನ ಚಿಂತೆ ಯಾರಿಗೆ? ಹೋದ ಮೇಲೆ ನೋಡಿದರೆ ಆ ಸ್ವರದ ಒಂದು ತುಣುಕೂ ಎಲ್ಲಿಯೂ ಉಳಿದಿರಲಿಲ್ಲ. ಆಗ ಎಲ್ಲರ ಕೈಯಲ್ಲೂ ಇಂಥ ಫೋನು ಬಂದಿರಲಿಲ್ಲ. ಮದುವೆಯ ವೀಡಿಯೊದ ಮೇಲೆ ವೀಡಿಯೊದವನು ಮೊದಲಿಂದ ಕೊನೆಯವರೆಗೆ ಸಿನೆಮಾ ಹಾಡು ಹಾಕಿಟ್ಟಿದ್ದ.

ಕಳೆದ ವರ್ಷ ಠಾಣೆ ನಗರದಲ್ಲಿರುವ ಜಯಕ್ಕನ ಮಗನ ಮಗಳು ಮಾನಸಿ ರಜೆಗೆ ಬಂದಳು. ಹತ್ತು ವರ್ಷದ ಚೂಟಿ. ಕನ್ನಡ ತುಳು ಎರಡೂ ತಿಳಿಯುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ. ಆ ಕ್ಯಾಸೆಟ್ಟನ್ನು ಯಾರೋ ಇಂಟರ್‌ನೆಟ್ಟಿಗೆ ಹಾಕಿದ್ದರು, ಫೋಟೊ ಸಮೇತ. ಮಾನಸಿ ಅದನ್ನು ಹುಡುಕಿ ತೆಗೆದು ಅಜ್ಜಿಯ ಮಡಿಲಲ್ಲಿ ಫೋನು ಇಟ್ಟಳು. "ಅಜ್ಜೀ, ಯೇ ಆಪ್ ಹೋ ನಾ? ಕಿತನೀ ಸ್ವೀಟ್ ಆವಾಜ್ ಥೀ ಆಪ್‌ಕೀ." ಆ ಸಿಹಿ ಸ್ವರ ತನ್ನದಲ್ಲವೆಂದು ಅಜ್ಜಿ ತಲೆಯಾಡಿಸಿದರೆ ಅವಳೂ ನಕ್ಕಳು. ಬೆಳಗಿನ ಅಲಾರಮ್ಮಿಗೂ ಅದೇ ಹಾಡು ಇಟ್ಟುಕೊಂಡಳು.

ಜಯಕ್ಕ ನನ್ನ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಮಿಕ್ಸರ್ ನಿಲ್ಲಿಸಿದೆ. ಇಲ್ಲದಿದ್ದರೆ ಅವರ ಮಾತು ಕೇಳುವುದಿಲ್ಲ.

"ನನಗೆ ಇಷ್ಟು ವರ್ಷ ಎಂತದೂ ಅನಿಸ್ಲಿಲ್ಲ ಕಾಂಚನಾ," ಎಂದರು. "ಆದ್ರೆ ನಾನು ಸತ್ತ ಮೇಲೆ ಈ ಮಗು ಆ ಸ್ವರವನ್ನೇ ಅಜ್ಜಿಯ ಸ್ವರ ಅಂತ ಇಟ್ಕೊಳ್ತದೆ. ನನ್ನದು ಒಮ್ಮೆ ಅವಳಿಗೆ ಕೇಳಿಸ್ಬೇಕಿತ್ತು." ಉಸಿರು ತೆಗೆದುಕೊಂಡು, "ನನಗೂ ಕೇಳ್ಬೇಕಿತ್ತು ಮಾರಾಯ್ತಿ. ಹೇಗಿತ್ತು ಅಂತ ನನಗೇ ಮರ್ತು ಹೋಗಿದೆ," ಎಂದರು.

ನನಗೆ ದುಃಖ ಒತ್ತರಿಸಿ ಬಂತು. ಬಂದದ್ದನ್ನು ಸಿಟ್ಟು ಮಾಡಿಕೊಳ್ಳುವುದು ನನ್ನ ಸ್ವಭಾವ. "ಆಗಿನ ಕಾಲಕ್ಕ ಟಿ.ವಿ. ಮುಂದ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿಯೋ ಮಂದಿ ಎಷ್ಟಿದ್ರು," ಎಂದೆ. "ಯಾವನೋ ಒಬ್ಬ ಹಿಡದೇ ಹಿಡದಿರ್ತಾನ. ನಾ ಹುಡುಕ್ತೀನಿ, ನೀವು ಸುಮ್ಮನಿರ್ರಿ."

ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಹೂವಿನ ಚಿತ್ರದ ಶುಭೋದಯಗಳು ಬಂದವು. ಅರ್ಧ ಜನ ಇಂಟರ್‌ನೆಟ್ಟಿನ ಅದೇ ಕ್ಯಾಸೆಟ್ಟನ್ನು ನನಗೇ ಕಳಿಸಿದರು. ಅದು ಬೇಡ, ಟಿ.ವಿ.ಯಲ್ಲಿ ಬಂದದ್ದು ಬೇಕು ಎಂದು ಮತ್ತೆ ಮತ್ತೆ ಬರೆದು ಬೈಸಿಕೊಂಡೆ. ಕೊನೆಗೆ ಬದಲಾಪುರದಿಂದ ಒಬ್ಬರು ಫೋನು ಮಾಡಿದರು. "ನಾನು ರತ್ನಾವತಿ. ಕ್ಯಾಸೆಟ್ಟಿನಲ್ಲಿ ಹಾಡಿದವಳು ನಾನೇ. ಟಿ.ವಿ.ಯಿಂದ ಹಿಡಿದದ್ದು ನನ್ನ ಹತ್ರ ಉಂಟು. ಜಯಕ್ಕ ಬರ್ತಾರಾ?"

ಜಯಕ್ಕ ಬರುವುದಿಲ್ಲವೆಂದು ಹಟ ಹಿಡಿದರು. ತನ್ನ ಜಾಗದಲ್ಲಿ ನಿಂತು ಹಾಡಿದವಳ ಮನೆಗೆ ಹೋಗಿ ತನ್ನ ಸ್ವರ ಬೇಡುವುದೆಂದರೆ ಯಾರಿಗಾದರೂ ಕಷ್ಟವೇ. ಎರಡು ದಿನ ಕದ ಮುಚ್ಚಿಕೊಂಡಿದ್ದರು. ಮೂರನೆಯ ದಿನ ಬೆಳಗ್ಗೆ ಮಾನಸಿಯ ಅಲಾರಂ ಹೊಡೆದದ್ದು ನನ್ನ ಮನೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಜಯಕ್ಕ ಬಂದು, "ಭಾನುವಾರ ಹೋಗುವ," ಎಂದರು. ನಾನು ನಮ್ಮ ಹಳೆಯ ಟೇಪ್ ರೆಕಾರ್ಡರನ್ನು ಉಲ್ಹಾಸನಗರಕ್ಕೆ ಹೊತ್ತುಕೊಂಡು ಹೋಗಿ ಅಂಗಡಿಯವನ ತಲೆ ತಿಂದು ಬೆಲ್ಟು ಹಾಕಿಸಿಕೊಂಡು ಬಂದೆ.

ಭಾನುವಾರ ಗುಣಪಾಲಣ್ಣನೂ ಹೊರಟರು. ಹೊರಟದ್ದಕ್ಕಿಂತ ಗೊಣಗಿದ್ದು ಹೆಚ್ಚು. ಭಾನುವಾರ ಗಿರಾಕಿ ಜಾಸ್ತಿ, ಗಲ್ಲೆಯಲ್ಲಿ ಹೊಸಬ ಕೂತಿದ್ದಾನೆ, ಹಳೆಯ ಹಾಡು ಕೇಳಿ ಈಗ ಆಗಬೇಕಾದ್ದೇನು. ಬದಲಾಪುರ ಬರುವವರೆಗೂ ಫೋನಿನಲ್ಲಿ ಚಟ್ನಿ ತೆಳ್ಳಗಾದ ಗಲಾಟೆ. ಜಯಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮೊಮ್ಮಗಳ ಕೈ ಬಿಟ್ಟಿರಲಿಲ್ಲ.

ರತ್ನಾವತಿ ನಿವೃತ್ತ ಟೀಚರು, ದಪ್ಪ ಕನ್ನಡಕದ ಮೆದು ಹೆಂಗಸು. ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ, ಅವರ ಮುಖ ನೋಡಿದ ಮೇಲೆ ಆಗಲಿಲ್ಲ. ಬಾಗಿಲಲ್ಲೇ ಜಯಕ್ಕನ ಎರಡೂ ಕೈ ಹಿಡಿದುಕೊಂಡರು. ಒಳಗೆ ಹೋಗಿ ಕೂತ ಮೇಲೂ ರತ್ನಾವತಿ ಟೇಪು ಕೊಡಲು ಹಿಂಜರಿದರು.

"ಮಾಟುಂಗಾದಲ್ಲಿ ನಮ್ಮದು ಚಾಳು," ಎಂದರು. "ಪಕ್ಕದ ಖೋಲಿಯಲ್ಲಿ ಟಿ.ವಿ. ಇತ್ತು. ನಾನು ರೆಕಾರ್ಡರನ್ನು ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ. ಮೊದಲೇ ಹೇಳಿಬಿಡ್ತೇನೆ ಜಯಕ್ಕ. ಅದರಲ್ಲಿ ನಾನೂ ಇದ್ದೇನೆ."

ಏನು ಹೇಳಿದರೆಂದು ಟೇಪು ತಿರುಗಿದ ಮೇಲೆ ಅರ್ಥವಾಯಿತು. ಮೊದಲು ಗರಗರ ಸದ್ದು, ಯಾರದೋ ಮಗುವಿನ ಅಳು, ಕುಕ್ಕರಿನ ಸೀಟಿ. ಆಮೇಲೆ ಹಾರ್ಮೋನಿಯಂ, ಅದರ ಬೆನ್ನಿಗೆ ಹುಡುಗಿಯ ಸ್ವರ. ಮಾನಸಿಯ ಅಲಾರಮ್ಮಿನ ಸ್ವರವೇ ಅದು. ರತ್ನಾವತಿ ಟಿ.ವಿ. ನೋಡುತ್ತ ಜೊತೆಗೆ ಹಾಡಿಕೊಂಡಿದ್ದರು. ಮೈಕು ಇದ್ದದ್ದು ಅವರ ಮಡಿಲಲ್ಲಿ. ಟಿ.ವಿ.ಯ ಒಳಗಿನ ಜಯಕ್ಕ ಹಿಂದೆಲ್ಲೋ ಇದ್ದರು. ಆಗೊಮ್ಮೆ ಈಗೊಮ್ಮೆ ಇನ್ನೊಂದು ಸ್ವರ ಇದೆಯೆಂದು ತಿಳಿಯುತ್ತಿತ್ತು, ಹಿಡಿಯಲು ಹೋದರೆ ಮುಂದಿನ ಸ್ವರ ಮುಚ್ಚಿಬಿಡುತ್ತಿತ್ತು.

ಎರಡನೆಯ ಹಾಡೂ ಹಾಗೆಯೇ. ಗುಣಪಾಲಣ್ಣನ ಫೋನು ಮತ್ತೆ ಹೊಡೆದುಕೊಂಡಿತು, ಅವರು ಎದ್ದು ಹೊರಗೆ ಪ್ಯಾಸೇಜಿಗೆ ಹೋದರು. ಮೂರನೆಯ ಹಾಡಿನಲ್ಲಿ ಜಯಕ್ಕ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿ ಬಗ್ಗಿದರು. ರತ್ನಾವತಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಸಮೇ ಅಜ್ಜಿ ಕೌನಸೀ ಹೈ?" ಎಂದು ಮಾನಸಿ ಕೇಳಿದಳು, ಎರಡು ಸ್ವರದಲ್ಲಿ ಅಜ್ಜಿಯದು ಯಾವುದೆಂದು ತಿಳಿಯದೆ.

ಹಾಡು ಮುಗಿಯಿತು. ಜಯಕ್ಕ ನೆಟ್ಟಗೆ ಕೂತು ಕೈ ಮಡಚಿಕೊಂಡರು. "ಸಾಕು, ಹೋಗುವ," ಎಂದದ್ದು ನನಗೆ ತುಟಿಯ ಮೇಲೆ ಕಂಡಿತು, ಕೇಳಿಸಲಿಲ್ಲ. ನಲವತ್ತು ವರ್ಷದ ಹಿಂದಿನ ಸ್ವರದಲ್ಲಿ ಇಷ್ಟೇ ಉಳಿದಿದೆಯಲ್ಲ ಎಂದುಕೊಂಡೆ. ನಾನು ಟೇಪು ನಿಲ್ಲಿಸಲು ಕೈ ಚಾಚಿದೆ. ರತ್ನಾವತಿ ನನ್ನ ಕೈ ಹಿಡಿದರು. "ಸ್ವಲ್ಪ ನಿಲ್ಲಿ. ಇನ್ನು ಹಾಡಿಲ್ಲ, ಮಾತು."

ಟೇಪಿನಲ್ಲಿ ನಾಟಕದ ಕೊನೆ ನಡೆದಿತ್ತು. ಮಲತಾಯಿಯ ಮಕ್ಕಳ ಕಾಲಿಗೆ ಗೆಜ್ಜೆ ಹಿಡಿಸಿಲ್ಲ. ರಾಜಕುಮಾರ ಹೊರಟಿದ್ದಾನೆ, ಕುದುರೆಯ ಸದ್ದು ದೂರವಾಗುತ್ತಿದೆ. ಬೂದಿಯ ಹುಡುಗಿ ಅಡುಗೆಮನೆಯಿಂದ ಹೊರಗೆ ಬಂದು ಅವನನ್ನು ಕರೆಯಬೇಕು. ಒಲೆಯ ಮುಂದಿನ ಹುಡುಗಿಗೆ ಪುಸ್ತಕದ ಭಾಷೆ ಬೇಡ, ನಿನ್ನ ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆ ಕರೆ ಎಂದು ನಾಟಕ ಮಾಡಿಸಿದವರು ಹೇಳಿಕೊಟ್ಟಿದ್ದರಂತೆ. ಮಡಿಲಲ್ಲಿ ರೆಕಾರ್ಡರ್ ಇಟ್ಟುಕೊಂಡ ಹುಡುಗಿಗೆ ಇಲ್ಲಿ ಹಾಡಲು ಏನೂ ಇರಲಿಲ್ಲ. ಅವಳು ಸುಮ್ಮನಿದ್ದಳು. ಅಳುವ ಮಗುವೂ ಸುಮ್ಮನಿತ್ತು.

"ಓಯ್... ಹೋಗ್ಬೇಡಿ. ಇಲ್ಲಿ ಬನ್ನಿ ಒಮ್ಮೆ."

ದುಂಡಗಿನ, ಸ್ವಲ್ಪ ಅಧಿಕಾರದ, ತುದಿಯಲ್ಲಿ ಮೇಲೆ ಏಳುವ ಸ್ವರ. ಎದುರು ಮನೆಯಿಂದ ಹತ್ತು ವರ್ಷ ನಾನೂ ಅದನ್ನು ಕೇಳಿದ್ದೆ.

"ಬತ್ತೆ, ಬತ್ತೆ," ಎಂದು ಹೊರಗಿನಿಂದ ಉತ್ತರ ಬಂತು.

ಗುಣಪಾಲಣ್ಣ ತುಳುವಿನಲ್ಲಿ ಬಂದೆ ಬಂದೆ ಎನ್ನುತ್ತ ಲಗುಬಗೆಯಿಂದ ಒಳಗೆ ಬಂದರು. ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಿತ್ತು. ಹೆಂಡತಿಯ ಮುಂದೆ ನಿಂತು, "ದಾನೆ?" ಎಂದರು, ಏನು ಬೇಕು ಎಂದು ಮನೆಯಲ್ಲಿ ಕೇಳುವ ಹಾಗೆಯೇ. ಜಯಕ್ಕ ಬಾಯಿ ಬಿಗಿ ಹಿಡಿದು ಅವರನ್ನೇ ನೋಡುತ್ತಿದ್ದರು. ಆಗ ಅವರಿಗೆ ತಿಳಿಯಿತು. ಟೇಪ್ ರೆಕಾರ್ಡರನ್ನು ನೋಡಿದರು, ಮತ್ತೆ ಹೆಂಡತಿಯನ್ನು ನೋಡಿದರು. ಇಪ್ಪತ್ತು ವರ್ಷದಿಂದ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ. ಆರೋಗ್ಯ ಉಂಟಲ್ಲ ಸಾಕು ಎನ್ನುತ್ತಿದ್ದ ಮನುಷ್ಯನ ಮುಖ ಅಲ್ಲೇ, ನಮ್ಮೆಲ್ಲರ ಎದುರಿಗೇ, ಕುಸಿದುಹೋಯಿತು. ಇಷ್ಟು ವರ್ಷ ಇವರ ಮೇಲೆ ಹಲ್ಲು ಕಡಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

"ಅಜ್ಜಿ," ಎಂದಳು ಮಾನಸಿ ಮೆಲ್ಲಗೆ, ಟೇಪ್ ರೆಕಾರ್ಡರಿನ ಕಡೆ ಬೆರಳು ಮಾಡಿ. ಈ ಸಲ ಅವಳು ಕೇಳಲಿಲ್ಲ, ಹೇಳಿದಳು.

ಗುಣಪಾಲಣ್ಣ ಫೋನು ಆರಿಸಿ ಹೆಂಡತಿಯ ಪಕ್ಕ ಕೂತರು. "ಇನ್ನೊಮ್ಮೆ ಹಾಕಿ," ಎಂದರು ರತ್ನಾವತಿಗೆ. ಅವರು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದರು. ಕುದುರೆಯ ಸದ್ದು ದೂರವಾಯಿತು. ಹುಡುಗಿ ಕರೆದಳು. ಹೆಂಡತಿ ಪಕ್ಕದಲ್ಲೇ ಕೂತಿದ್ದಾಳೆ, ಕರೆದದ್ದು ಟೇಪು ಎಂದು ಈಗ ಅವರಿಗೆ ಗೊತ್ತಿತ್ತು. ಆದರೂ, "ಬತ್ತೆ," ಎಂದರು.