ಮೈಕಕ್ಕ ಪಿಸುಮಾತು ಕಲಿತದ್ದು

ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವಳ ಕೆಲಸವಾಗಿತ್ತು. ಆಲೂಗಡ್ಡೆ ಮೂಟೆಗಳ ಮೇಲೆ ನಿಂತು ಅವಳು ಬಾಯಿ ತೆರೆದಳೆಂದರೆ ಆ ತುದಿಯಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ಲೋಟ ಕೆಳಗಿಟ್ಟು ಎದ್ದು ಬರುತ್ತಿದ್ದರು. ವರ್ತಕರ ಸಂಘದವರು ಒಮ್ಮೆ ಅವಳ ಮೇಲೆ ಕನಿಕರಪಟ್ಟು ಮೈಕು ತಂದುಕೊಟ್ಟರು. ಮೊದಲ ದಿನವೇ ಅದು ಕುಯ್ಯೆಂದು ಕಿರುಚಿ ಸುಟ್ಟುಹೋಯಿತು. ರಿಪೇರಿಯವನು ಬಿಚ್ಚಿ ನೋಡಿ, "ಇದಕ್ಕೆ ತಡ್ಕೊಳ್ಳೋಕೆ ಆಗಿಲ್ಲ" ಎಂದಷ್ಟೇ ಹೇಳಿದ. ಅಂದಿನಿಂದ ಅವಳು ಎಲ್ಲರಿಗೂ ಮೈಕಕ್ಕ.

ನಲವತ್ತು ದಾಟಿದ ಮೇಲೆ ಆ ಗಂಟಲು ಕೈಕೊಟ್ಟಿತು. ಬೆಳಗಿನ ಬದನೆಕಾಯಿಯಿಂದ ಮಧ್ಯಾಹ್ನದ ಈರುಳ್ಳಿಗೆ ಬರುವಷ್ಟರಲ್ಲಿ ಧ್ವನಿ ಒಡೆದ ಮಡಕೆಯಂತಾಗುತ್ತಿತ್ತು. ಗಂಟಲಿನ ಡಾಕ್ಟರು ಪುಟ್ಟ ಕನ್ನಡಿ ತೂರಿಸಿ ನೋಡಿ, ಒಳಗೆ ಗಂಟು ಕಟ್ಟಿದೆ ಎಂದರು. "ಕೂಗೋದು ಬಿಟ್ರೆ ಗಂಟಲು ಉಳಿಯುತ್ತಮ್ಮ. ಬಿಡದಿದ್ರೆ ಗಂಟಲೂ ಹೋಗುತ್ತೆ, ಕೆಲಸವೂ ಹೋಗುತ್ತೆ."

ಚೀಟಿ ಹಿಡಿದು ಅವಳು ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಳು. ಗಾಜಿನ ಆಚೆ ಬಿಳಿ ಕೋಟಿನವನೊಬ್ಬ ತಟ್ಟೆಯ ಮೇಲೆ ಮಾತ್ರೆ ಸುರಿದು, ಚಪ್ಪಟೆ ಕಡ್ಡಿಯಿಂದ ಐದೈದಾಗಿ ಸರಿಸಿ ಎಣಿಸಿ, ಪೊಟ್ಟಣಕ್ಕೆ ತುಂಬಿ, ಚೀಟಿ ಅಂಟಿಸಿ ಪಕ್ಕಕ್ಕಿಡುತ್ತಿದ್ದ. ಸಾಲು ಕರಗುವವರೆಗೂ ಅವನು ತುಟಿ ಎರಡು ಮಾಡಲಿಲ್ಲ. ಅವಳಿಗೆ ಅದು ಸ್ವರ್ಗದಂತೆ ಕಂಡಿತು. ಬಾಯಿಗೆ ಬೀಗ ಹಾಕಿಕೊಂಡೂ ಸಂಬಳ ಬರುವ ಕೆಲಸವೊಂದು ಲೋಕದಲ್ಲಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಅವರು ಡಾಕ್ಟರಾ?" ಎಂದು ಪಕ್ಕದವಳನ್ನು ಕೇಳಿದಳು.

"ಅಲ್ಲ, ಫಾರ್ಮಸಿ ಟೆಕ್ನಿಷಿಯನ್. ಔಷಧಿ ಎಣಿಸಿ ಕೊಡೋರು. ಅದಕ್ಕೂ ಪರೀಕ್ಷೆ ಇದೆ, ಲೈಸೆನ್ಸ್ ಇದೆ."

ಮನೆಯಲ್ಲಿ ವಿಷಯ ಎತ್ತಿದಾಗ ಲೇತ್ ಮೆಷಿನ್ ಕೆಲಸದ ಗಂಡ ಬೇಡವೆನ್ನಲಿಲ್ಲ. ಅತ್ತೆ ಮಾತ್ರ ಮೂಗಿನ ಮೇಲೆ ಬೆರಳಿಟ್ಟರು. "ಈ ವಯಸ್ಸಲ್ಲಿ ಪರೀಕ್ಷೆನಾ? ಮೂಟೆ ಲೆಕ್ಕ ಹಾಕ್ದೋಳು ಮಾತ್ರೆ ಲೆಕ್ಕ ಹಾಕ್ತೀಯಾ?"

"ಮೂಟೆಗಿಂತ ಹಗುರ ತಾನೇ ಅತ್ತೆ" ಎಂದಳು ಮೈಕಕ್ಕ.

ತರಬೇತಿಯ ತರಗತಿಯಲ್ಲಿ ಉಳಿದವರೆಲ್ಲ ಅವಳ ಅರ್ಧ ವಯಸ್ಸಿನವರು. ಔಷಧಿಗಳ ಹೆಸರು ಮೊದಮೊದಲು ಕಬ್ಬಿಣದ ಕಡಲೆ. ಮಾರುಕಟ್ಟೆಯಲ್ಲಿ ನಾನಾ ಊರಿನ ಕೋಸನ್ನು ಬೇರೆ ಮಾಡಿ ನೋಡಿದ್ದ ಕಣ್ಣು ಮಾತ್ರೆಯ ಬಣ್ಣ, ಗೀರು, ಗಾತ್ರಕ್ಕೆ ಬೇಗ ಒಗ್ಗಿತು. ಒಗ್ಗದ್ದು ಬಾಯಿ. ಪಾಠ ಹೇಳುತ್ತಿದ್ದ ಮೇಡಂ ನಿವೃತ್ತ ಫಾರ್ಮಸಿಸ್ಟ್. ರೇಷ್ಮೆ ಮಡಿಸಿದ ಹಾಗೆ ಮಾತಾಡುವವರು. ಮೊದಲ ಪಾಠದಲ್ಲೇ, "ಗಿರಾಕಿಯ ಕಾಯಿಲೆ ಗಿರಾಕಿಯ ಗುಟ್ಟು. ಅದು ನಿಮ್ಮ ಕಿವಿಗೆ ಬಿದ್ದರೆ ಬಾವಿಗೆ ಬಿದ್ದ ಹಾಗೆ. ಇನ್ನೊಬ್ಬರಿಗೆ ಕೇಳಬಾರದು" ಎಂದಿದ್ದರು. ಮೈಕಕ್ಕ, "ಆಯ್ತು ಮೇಡಂ" ಎಂದಳು. ಪಕ್ಕದ ಕಟ್ಟಡದ ಟೈಲರು ಕಿಟಕಿಯಿಂದ ಇಣುಕಿ ನೋಡಿದ.

ಅಭ್ಯಾಸಕ್ಕೆಂದು ಅವಳನ್ನು ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಗೆ ಹಾಕಿದರು. ಅಲ್ಲೇ ಆದದ್ದು ಮುಲಾಮಿನ ಪ್ರಸಂಗ. ಟೈ ಕಟ್ಟಿದ ಒಬ್ಬ ಗೃಹಸ್ಥ ಚೀಟಿಯನ್ನು ನಾಲ್ಕಾಗಿ ಮಡಿಸಿ ಕೊಟ್ಟು, ಗೋಡೆಯ ಕ್ಯಾಲೆಂಡರು ನೋಡುತ್ತಾ ದೂರ ನಿಂತ. ಮೈಕಕ್ಕ ಮುಲಾಮು ಹುಡುಕಿ ತಂದಳು. ಎದುರಿಗೆ ಅವನಿಲ್ಲ, ಬೇರೆ ಯಾರ್ಯಾರೋ ಇದ್ದಾರೆ. ಟ್ಯೂಬನ್ನು ಮೇಲೆತ್ತಿ ಹಿಡಿದು, "ಮೂಲವ್ಯಾಧಿ ಮುಲಾಮು ಯಾರದ್ದಪ್ಪಾ?" ಎಂದಳು.

ಯಾರೂ ಕೈ ಚಾಚಲಿಲ್ಲ. ಮೂಟೆಗೆ ಗಿರಾಕಿ ಸಿಗದಾಗ ಏನು ಮಾಡುತ್ತಿದ್ದಳೋ ಅದನ್ನೇ ಅವಳ ನಾಲಿಗೆ ತಾನಾಗಿ ಮಾಡಿತು. "ಕೊನೇದು, ಇದೊಂದೇ ಇರೋದು. ಒಂದ್ಸಲ... ಎರಡ್ಸಲ..."

ಕೊನೆಯದು ಎಂದ ಮೇಲೆ ಜನ ಬಿಡುತ್ತಾರೆಯೇ? ಕೆಮ್ಮಿನ ಔಷಧಿಗೆ ಬಂದಿದ್ದವನೊಬ್ಬ ಕೈ ಎತ್ತಿದ. ಅವನನ್ನು ನೋಡಿ ಕೈಚೀಲದ ಹೆಂಗಸೊಬ್ಬಳು, "ನಂಗಿರಲಿ, ಮನೇಲಿ ಇದ್ರೆ ಒಳ್ಳೇದು" ಎಂದಳು. ಹೊರಗೆ ಬಸ್ಸಿಗೆ ಕಾಯುತ್ತಿದ್ದವರು ಏನೋ ಅಗ್ಗಕ್ಕೆ ಸಿಗುತ್ತಿದೆ ಎಂದುಕೊಂಡು ಒಳನುಗ್ಗಿದರು. ತನ್ನ ಮುಲಾಮು ಕಣ್ಣೆದುರೇ ಪರರ ಪಾಲಾಗುವುದನ್ನು ಕಂಡ ಗೃಹಸ್ಥ ಕಡೆಗೆ ಕ್ಯಾಲೆಂಡರು ಬಿಟ್ಟು, "ಅದು ನಂದು ಕಣ್ರೀ, ನಂದು" ಎಂದು ಗುಂಪು ಸೀಳಿಕೊಂಡು ಬಂದ. ಬಂದವನನ್ನು ಸಾಲಿನಲ್ಲಿದ್ದ ಅವನ ಆಫೀಸಿನ ಗುಮಾಸ್ತ, "ನಮಸ್ಕಾರ ಸರ್" ಎಂದು ಮಾತಾಡಿಸಿದ.

ವಿಷಯ ಮೇಡಂವರೆಗೂ ಹೋಯಿತು. ಅವರು ಬೈಯಲಿಲ್ಲ. "ಇವತ್ತಿಂದ ಮನೇಲೂ ಮೆಲ್ಲಗೆ ಮಾತಾಡಿ. ಹಲ್ಲಿ ಲೊಚಗುಟ್ಟಿದಷ್ಟೇ. ಅಭ್ಯಾಸ ಆಗೋವರೆಗೂ ಬಿಡಬೇಡಿ" ಎಂದರು. ಮೈಕಕ್ಕ ಹಿಡಿದದ್ದನ್ನು ಬಿಡುವವಳಲ್ಲ. ಹಾಗೆಂದು ಮನೆಯವರಿಂದ ಅವಳೇನೂ ಮುಚ್ಚಿಡಲಿಲ್ಲ. ಅಂದು ಸಂಜೆಯೇ ಗಂಡ, ಅತ್ತೆ ಇಬ್ಬರನ್ನೂ ಕೂರಿಸಿ ಎಲ್ಲವನ್ನೂ ವಿವರವಾಗಿ ಹೇಳಿದಳು. ಆದರೆ ಮೆಲ್ಲಗೆ ಹೇಳಿದಳು.

ಅತ್ತೆಗೆ ಸೊಸೆಯ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಇಷ್ಟು ವರ್ಷ ಮೂರನೇ ಮನೆಗೂ ಕೇಳುತ್ತಿದ್ದ ಧ್ವನಿ ಎದುರು ಕೂತರೂ ಕೇಳುವುದಿಲ್ಲವೆಂದರೆ ತನ್ನ ಕಿವಿ ಹೋಯಿತೆಂದೇ ಅರ್ಥ. ಮುಪ್ಪು ಬಂತಲ್ಲ ಎಂದು ಆಕೆ ಒಳಗೊಳಗೇ ಕುಸಿದರು. ಲೇತ್ ಮೆಷಿನ್ನಿನ ಸದ್ದು ತನ್ನ ಕಿವಿ ತಿಂದುಹಾಕಿತು ಎಂದು ಗಂಡನೂ ಹಾಗೇ ಕುಸಿದ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಇಬ್ಬರೂ ಸುಮ್ಮನೆ ತಲೆಯಾಡಿಸಿದರು. ಒಪ್ಪಿಗೆಯಾಯಿತೆಂದು ಮೈಕಕ್ಕನಿಗೆ ಸಮಾಧಾನವಾಯಿತು.

ಕೆಲವು ದಿನ ಕಳೆದು ಅತ್ತೆ ಒಬ್ಬರೇ ಅವಳ ಅಂಗಡಿಗೆ ಬಂದು ಕಿವಿಯ ಡಾಕ್ಟರ ಚೀಟಿ ಕೊಟ್ಟರು. ಗುಗ್ಗೆ ತೆಗೆಯುವ ಹನಿ. "ನನ್ನ ಮಗನಿಗೆ ಹೇಳ್ಬೇಡ ಕಣೇ, ಎದೆ ಒಡ್ಕೋತಾನೆ." ಮೈಕಕ್ಕ ಕಿಟಕಿಗೆ ಬಾಗಿ, ತಪ್ಪು ಕಿವಿಯದಲ್ಲ, ತನ್ನ ಅಭ್ಯಾಸದ್ದು ಎಂದು ಪಿಸುಗುಟ್ಟಿದಳು. ಅತ್ತೆ ನಿಟ್ಟುಸಿರು ಬಿಟ್ಟರು. "ನೋಡು, ಒಂದಕ್ಷರ ಕೇಳ್ತಿಲ್ಲ." ಮರುದಿನ ಗಂಡ ಬಂದ. ಅದೇ ಡಾಕ್ಟರು, ಅದೇ ಹನಿ. "ಅಮ್ಮನ ಕಿವಿಗೆ ಹಾಕ್ಬೇಡ ಇದನ್ನ" ಎಂದು ಬೇಡಿಕೊಂಡ.

ಸಣ್ಣ ಮನೆಯಲ್ಲಿ ಔಷಧಿ ಬಾಟಲಿ ಎಷ್ಟು ದಿನ ಅಡಗೀತು? ಮಗನ ಜೇಬಿನಲ್ಲಿ ಪೊಟ್ಟಣ ಕಂಡ ಅತ್ತೆ ಸೊಸೆಯನ್ನು ಅಡುಗೆಮನೆಗೆ ಕರೆದು, "ಅವನಿಗೇನಾಗಿದೆ, ನಿಜ ಹೇಳು" ಎಂದರು. ಮೈಕಕ್ಕ ಗಂಭೀರವಾಗಿ ತಲೆಯಲ್ಲಾಡಿಸಿ, ಬಾಯ ಮೇಲೆ ಬೆರಳಿಟ್ಟಳು. ತಾಯಿಯ ದಿಂಬಿನ ಕೆಳಗೆ ಬಾಟಲಿ ಕಂಡ ಗಂಡ ಕೇಳಿದಾಗಲೂ ಹಾಗೇ ಮಾಡಿದಳು. ಹೇಳಬಾರದ ಕಾಯಿಲೆ ಎಂದರೆ ಕೆಟ್ಟ ಕಾಯಿಲೆಯೇ ಎಂದು ಇಬ್ಬರೂ ತೀರ್ಮಾನಿಸಿದರು.

ಆಮೇಲೆ ಆ ಮನೆಯಲ್ಲಿ ಹಿಂದೆಂದೂ ಇಲ್ಲದ ಪ್ರೀತಿ ಉಕ್ಕಿತು. ಮಗ ಟಿವಿಯ ರಿಮೋಟನ್ನು ತಾನಾಗಿ ತಾಯಿಯ ಕೈಗಿತ್ತ. ತಾಯಿ ಕಿಟಕಿ ಪಕ್ಕದ ಕುರ್ಚಿಯನ್ನು ಮಗನಿಗೆ ಬಿಟ್ಟರು. ಊಟದ ಹೊತ್ತಿಗೆ ಒಬ್ಬರ ತಟ್ಟೆಗೆ ಒಬ್ಬರು ಬಡಿಸುತ್ತಾ, ಇನ್ನೆಷ್ಟು ದಿನವೋ ಎಂಬಂತೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಡುವೆ ಕೂತ ಮೈಕಕ್ಕ ಇಬ್ಬರ ಗುಟ್ಟನ್ನೂ ಅನ್ನದ ಜೊತೆ ನುಂಗುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಗುಟ್ಟಾಗಿ ಹನಿ ಬಿಟ್ಟುಕೊಂಡು, ಅದು ಚೆಲ್ಲದಂತೆ ತಲೆ ವಾಲಿಸಿಕೊಂಡು ಹಿತ್ತಲಿಗೆ ಬಂದವರು ಎದುರುಬದುರಾದರು. ಒಬ್ಬರ ತಲೆ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ.

"ನಿಂಗೂ ಕಿವೀನಾ?" ಎಂದರು ಅತ್ತೆ.

"ಹೂಂ. ನಿಂಗೆ ಬೇರೇನೂ ಇಲ್ವಾ?" ಎಂದ ಮಗ, ಕೊಂಚ ನಿರಾಸೆಯಿಂದ.

ಆ ಸಂಜೆಯೇ ರಿಮೋಟಿಗೆ ಜಗಳವಾಯಿತು. ಇಬ್ಬರ ಧ್ವನಿಯೂ ಇಬ್ಬರಿಗೂ ಚೆನ್ನಾಗಿ ಕೇಳಿಸಿತು.

ಲಿಖಿತ ಪರೀಕ್ಷೆ ಹೇಗೋ ದಾಟಿತು. ಪ್ರಾಯೋಗಿಕ ಪರೀಕ್ಷೆಗೆ ಒಂದು ಹಾಲಿನಲ್ಲಿ ನಕಲಿ ಔಷಧಿ ಅಂಗಡಿ ಹಾಕಿದ್ದರು. ಮೂಲೆಯ ಮೇಜಿನ ಹಿಂದೆ ಇಬ್ಬರು ಪರೀಕ್ಷಕರು. ಗಿರಾಕಿಯ ಪಾತ್ರಕ್ಕೆ ಒಬ್ಬ ನಾಟಕದ ನಟನನ್ನು ಕರೆಸಿದ್ದರು. ಬೆಳಗಿನಿಂದ ಅವನು ಸಕ್ಕರೆ ಕಾಯಿಲೆ, ಕೀಲುನೋವು, ಉಬ್ಬಸ ಎಲ್ಲವನ್ನೂ ಒಂದಾದ ಮೇಲೊಂದರಂತೆ ಅಭಿನಯಿಸಿ ದಣಿದಿದ್ದ. ಮೈಕಕ್ಕನ ಸರದಿಗೆ ರಕ್ತದೊತ್ತಡ. ಅವಳು ಅವನನ್ನು ಹತ್ತಿರ ಕರೆದು ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು, ಯಾವ ಔಷಧಿಯಾದರೂ ಮೈಗೆ ಒಗ್ಗುವುದಿಲ್ಲವೇ ಎಂದು ಕೇಳಿದಳು, ಎಲ್ಲವನ್ನೂ ಎಷ್ಟು ಮೆಲ್ಲಗೆಂದರೆ ನಟ ಕೌಂಟರಿನ ಗಾಜಿಗೆ ಕಿವಿ ಹಚ್ಚಬೇಕಾಯಿತು. ಯಾರೂ ಅಷ್ಟು ಮೆತ್ತಗೆ ವಿಚಾರಿಸಿ ಎಷ್ಟು ಕಾಲವಾಗಿತ್ತೋ ಏನೋ, ಅವನು ಪಾತ್ರ ಮರೆತು ತನ್ನದೇ ಆದ ನಿಜವಾದ ತೊಂದರೆಯೊಂದನ್ನು ಪಿಸುಮಾತಿನಲ್ಲಿ ಹೇಳಿಕೊಂಡುಬಿಟ್ಟ. ಅವಳು, "ಇದನ್ನ ಫಾರ್ಮಸಿಸ್ಟ್ ಹತ್ರ ಕೇಳ್ಬೇಕಪ್ಪಾ, ನಾನು ಸಲಹೆ ಕೊಡೋ ಹಾಗಿಲ್ಲ. ನಾಚ್ಕೋಬೇಡಿ, ಕೇಳಿ" ಎಂದಳು. ಅವನು ಕಣ್ಣಂಚಿನ ನೀರೊರೆಸಿಕೊಂಡು ಹೋದ.

"ಅವರು ಏನಂದ್ರು? ನಮಗೆ ಕೇಳಿಸಲಿಲ್ಲ" ಎಂದರು ಹಿರಿಯ ಪರೀಕ್ಷಕರು.

"ಹೇಳೋ ಹಾಗಿಲ್ಲ ಸರ್."

"ನಾವು ಪರೀಕ್ಷಕರಮ್ಮ."

"ಗೊತ್ತು ಸರ್. ಗಿರಾಕಿ ಗುಟ್ಟು."

"ಹೇಳದಿದ್ರೆ ಅಂಕ ಹೇಗೆ ಕೊಡೋದು?"

"ಹೇಳಿದ್ರೆ ಅಂಕ ಕಳೀಬೇಕಲ್ಲ ಸರ್."

ಕಿರಿಯ ಪರೀಕ್ಷಕಿ ಅದೂ ನಿಜವೆಂದರು. ನಿಯಮದ ಪುಸ್ತಕ ತಿರುವಿದರು. ಪರೀಕ್ಷಕರಿಗೆ ಕೇಳಿಸದಷ್ಟು ಚೆನ್ನಾಗಿ ಗುಟ್ಟು ಕಾಪಾಡಿದವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ನಟನನ್ನೇ ಕರೆಸಿದರು. ಅವನು ಕೆಂಪಾಗಿ, ತನಗೇನೂ ನೆನಪಿಲ್ಲ, ತಾನು ಪಾತ್ರದಲ್ಲಿದ್ದೆ ಎಂದ. "ಯಾವ ಪಾತ್ರ?" ಎಂದರೆ ಅದೂ ನೆನಪಿಲ್ಲ ಎಂದ. ಊಟದ ಹೊತ್ತು ಮೀರುತ್ತಿತ್ತು. ಹಿರಿಯರು ಪೆನ್ನು ಮುಚ್ಚಿ, ಮತ್ತೆ ತೆರೆದು, ಪಾಸು ಎಂದು ಬರೆದರು.

ಲೈಸೆನ್ಸ್ ಬಂದ ಮೇಲೆ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಒಳಕೋಣೆಗೆ ತೆಗೆದುಕೊಂಡಿತು. ಕಪಾಟುಗಳು, ಔಷಧಿಯ ಫ್ರಿಜ್ಜು, ಎಣಿಸುವ ತಟ್ಟೆ, ಅವಳು. ಬಂದ ಚೀಟಿಗೆ ಪೊಟ್ಟಣ ಕಟ್ಟಿ ಗೋಡೆಯ ಕಂಡಿಯಿಂದ ಆಚೆ ಇಡಬೇಕು. ಆಚೆಯ ಕೈ ಅದನ್ನು ಒಯ್ಯುತ್ತದೆ. ಆ ಕೈ ಯಾರದೆಂದೂ ಅವಳಿಗೆ ಕಾಣದು. ಕೇಳಿಕೊಂಡು ಬಂದದ್ದೇ ಈ ಭಾಗ್ಯ ಎಂದು ಕೆಲವು ವಾರ ಹಿಗ್ಗಿದಳು. ಆಮೇಲೊಂದು ದಿನ, ಕೈಗವಸು ಹಾಕಿದ ಆ ಕೈಗೆ ತಾನು, "ಊಟ ಆಯ್ತಾ?" ಎಂದು ಕೇಳಿದ್ದು ಅವಳ ಗಮನಕ್ಕೆ ಬಂತು. ಕೈ ಪೊಟ್ಟಣ ತೆಗೆದುಕೊಂಡು ಹೋಯಿತು. ಮರುದಿನ ಮೇಲ್ವಿಚಾರಕಿಯ ಹತ್ತಿರ ಹೋಗಿ, ತನಗೆ ಮುಖ ಕಾಣುವ ಕಡೆ ಕೆಲಸ ಕೊಡಿ ಎಂದಳು.

ಕಿಟಕಿಯಲ್ಲಿ ಅವಳ ಮುಂದೆ ಮೊದಲು ನಿಂತವನು ಕೋಲು ಹಿಡಿದ ಒಬ್ಬ ಅಜ್ಜ. ಪೊಟ್ಟಣವನ್ನು ತಿರುಗಿಸಿ ನೋಡಿ, "ಊಟಕ್ಕೆ ಮುಂಚೆಯೋ, ಆಮೇಲೋ ತಾಯಿ?" ಎಂದ.

"ಆಮೇಲೆ ಅಂತ ಇಲ್ಲೇ ಅಂಟಿಸಿದೀನಿ ನೋಡಿ ಅಜ್ಜಾ" ಎಂದಳು ಮೈಕಕ್ಕ. ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಅಜ್ಜ ಚೀಟಿಯ ಮೇಲೆ ಬೆರಳಿಟ್ಟು ಓದಿಕೊಂಡು, ಸರಿ ಎಂದು ಪಕ್ಕಕ್ಕೆ ಸರಿದ. ಸಾಲು ಒಂದು ಹೆಜ್ಜೆ ಮುಂದೆ ಬಂತು.