ತಣ್ಣಗಿದ್ದ ಹಿಂದಿನ ಚಕ್ರಗಳು

ಕಾರು ಅಣ್ಣನದ್ದು. ನೆಲ್ಯಾಡಿಯಲ್ಲಿ ಅವನಿಗೆ ರಬ್ಬರ್ ಖರೀದಿಯ ಅಂಗಡಿ; ನನ್ನ ಗಂಡ ಅಲ್ಲೇ ತೂಕ ನೋಡಿಕೊಳ್ಳುವವರು. ಅಣ್ಣ ಹೊಸ ಕಾರು ತೆಗೆದುಕೊಂಡಾಗ ಹಳೆಯದನ್ನು ನಮಗೆ ಮಾರಿದ. ಮಾರಿದ್ದೇ ಹೊರತು ಕೊಟ್ಟದ್ದಲ್ಲ, ಆದರೂ ತಂಗಿಗೆ ಕಾರು ಕೊಟ್ಟೆ ಎಂದು ಊರಿಡೀ ಹೇಳಿಕೊಂಡ. ನಾನು ಕಡಬದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಡ್ರೈವಿಂಗ್ ಕಲಿತದ್ದು ತಲೆಕೂದಲು ನರೆತ ಮೇಲೆ. ಗಂಡನಿಗೆ ಕಲಿಯುವ ಮನಸ್ಸಿರಲಿಲ್ಲ, ನಾನು ಓಡಿಸುವುದನ್ನು ನೋಡುವ ಮನಸ್ಸೂ ಇರಲಿಲ್ಲ.

ಏರಿನಲ್ಲಿ ನಿಲ್ಲಿಸಿದರೆ ಆ ಕಾರು ಮೆಲ್ಲಗೆ ಹಿಂದಕ್ಕೆ ಜಾರುತ್ತಿತ್ತು. ಅಣ್ಣನಿಗೆ ಹೇಳಿದೆ. ಹೆಂಗಸರ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವಷ್ಟು ಬಲ ಎಲ್ಲಿಂದ ಬರಬೇಕು ಎಂದು ನಕ್ಕ. ಗಂಡನೂ ನಕ್ಕರು. ಪುತ್ತೂರಿನ ಒಂದು ಗ್ಯಾರೇಜಿನಲ್ಲಿ ಕೇಬಲ್ ಬಿಗಿ ಮಾಡಿಸಿದೆ. ಹ್ಯಾಂಡ್‌ಬ್ರೇಕಿನ ಲಿವರ್ ಗಟ್ಟಿಯಾಯಿತು. ಲಿವರ್ ಗಟ್ಟಿಯಾದರೆ ಬ್ರೇಕೂ ಗಟ್ಟಿ ಎಂದುಕೊಂಡೆ.

ಸುಳ್ಯದಲ್ಲಿ ಸಂಬಂಧಿಕರ ನಿಶ್ಚಿತಾರ್ಥ. ಹಾಲ್‌ನ ಅಂಗಳ ತುಂಬಿದ್ದರಿಂದ ಮೇಲಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಗಂಡ ಹಿಂದೆ ಹೋಗಿ ಡಿಕ್ಕಿಯಿಂದ ಉಡುಗೊರೆಯ ಚೀಲ ತೆಗೆಯುತ್ತಿದ್ದರು. ಕಾರು ಸದ್ದಿಲ್ಲದೆ ಹಿಂದಕ್ಕೆ ಹೊರಟಿತು. ನಾನು ಬಾಗಿಲು ಹಿಡಿದು ಎಳೆದೆ. ಒಂದು ಕಾರನ್ನು ಬಾಗಿಲು ಹಿಡಿದು ಯಾರು ನಿಲ್ಲಿಸಿಯಾರು! ಬಂಪರಿಗೂ ಕಂಪೌಂಡ್ ಗೋಡೆಗೂ ನಡುವೆ ಅವರ ಕಾಲು ಸಿಕ್ಕಿಕೊಂಡಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಊಟದ ಎಲೆಯಿಂದ ಎದ್ದು ಬಂದ ಅಣ್ಣ, ಭಾವನ ಕಾಲು ನೋಡುವ ಮೊದಲೇ ಸೇರಿದವರಿಗೆ ಹೇಳಿದ: "ಹ್ಯಾಂಡ್‌ಬ್ರೇಕ್ ಹಾಕ್ಲಿಕ್ಕೆ ಗೊತ್ತಿಲ್ಲದವಳಿಗೆ ಕಾರು ಕೊಟ್ಟದ್ದು ನನ್ನ ತಪ್ಪು."

ಪುತ್ತೂರಿನ ಆಸ್ಪತ್ರೆಯಲ್ಲಿ ಕಾಲಿಗೆ ರಾಡ್ ಹಾಕಿದರು. ನೋಡಲು ಬಂದವರಿಗೆಲ್ಲ ಗಂಡ ಮಲಗಿದಲ್ಲಿಂದಲೇ ಅದೇ ಮಾತು ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಬಂದವರಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದೆ. ಕೇಳಿ ಕೇಳಿ ನನಗೂ ಅದು ನಿಜವೆಂದೇ ಅನಿಸತೊಡಗಿತ್ತು.

ಆಮೇಲೊಂದು ಭಾನುವಾರ ಸಕಲೇಶಪುರಕ್ಕೆ ಹೋಗಿ ಶಿರಾಡಿ ಘಾಟಿ ಇಳಿದು ಬಂದೆ. ಕಾರು ನಿಲ್ಲಿಸಿದಾಗ ಸುಟ್ಟ ವಾಸನೆ. ಮುಂದಿನ ಚಕ್ರಗಳ ಹತ್ತಿರ ಕೈ ಹಿಡಿಯಲಾಗಲಿಲ್ಲ, ಅಷ್ಟು ಬಿಸಿ. ಹಿಂದಿನವನ್ನು ಮುಟ್ಟಿದೆ. ತಣ್ಣಗಿದ್ದವು. ಅಷ್ಟುದ್ದದ ಘಾಟಿಯಲ್ಲಿ ಅವು ಬ್ರೇಕನ್ನೇ ಹಿಡಿದಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದರೆ ಹಿಡಿಯಬೇಕಾದದ್ದೂ ಆ ಹಿಂದಿನ ಚಕ್ರಗಳೇ.

ಲ್ಯಾಬಿನಲ್ಲಿ ಒಂದೇ ಫಲಿತಾಂಶ ನಂಬಿ ರಿಪೋರ್ಟ್ ಬರೆಯುವ ಕ್ರಮ ಇಲ್ಲ. ಮರುದಿನ ಕ್ಲಿನಿಕ್ಕಿನ ಸಮತಟ್ಟಾದ ಅಂಗಳದಲ್ಲಿ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಫಸ್ಟ್ ಗೇರಿನಲ್ಲಿ ಕ್ಲಚ್ ನಿಧಾನಕ್ಕೆ ಬಿಟ್ಟೆ. ಬ್ರೇಕ್ ಹಿಡಿದಿದ್ದರೆ ಇಂಜಿನ್ ಬಂದ್ ಬೀಳಬೇಕಿತ್ತು. ಕಾರು ಆರಾಮಾಗಿ ಮುಂದಕ್ಕೆ ಹೋಯಿತು.

ಕಡಬದ ಗ್ಯಾರೇಜಿನ ಮೆಕ್ಯಾನಿಕ್ ಬ್ಯಾರಿ ಸಾಹೇಬರು ಇನ್ನೊಮ್ಮೆ ಕೇಬಲ್ ಬಿಗಿ ಮಾಡಲು ಹೊರಟರು. ಬೇಡ, ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ ಬಿಚ್ಚಿ ಎಂದೆ. ಬಲಬದಿಯ ಬ್ರೇಕ್ ಲೈನಿಂಗ್ ಸವೆದು ಕಬ್ಬಿಣ ಕಾಣುತ್ತಿತ್ತು, ಡ್ರಮ್ಮಿಗೆ ತಾಗುತ್ತಲೇ ಇರಲಿಲ್ಲ. ಎಡಬದಿಯದ್ದು ಬ್ರೇಕ್ ಆಯಿಲಿನಲ್ಲಿ ನೆನೆದು ಕಪ್ಪು ಕಪ್ಪಾಗಿತ್ತು. ಅಷ್ಟು ಆಯಿಲ್ ಸೋರಿದ್ದರೆ ಬಾನೆಟ್ಟಿನೊಳಗಿನ ಆಯಿಲ್ ಡಬ್ಬಿ ಖಾಲಿಯಾಗಬೇಕಿತ್ತಲ್ಲ ಎಂದು ಕೇಳಿದೆ. ಅವರು ಟಾರ್ಚ್ ಹಿಡಿದು ಒಳಗೆ ಬಗ್ಗಿದರು. ಆ ಚಕ್ರಕ್ಕೆ ಹೋಗುವ ಪೈಪನ್ನು ಯಾರೋ ಇಕ್ಕಳದಲ್ಲಿ ಚಪ್ಪಟೆ ಮಾಡಿ ಮಡಚಿದ್ದರು.

"ಇದು ಹಾಳಾದದ್ದಲ್ಲ ಅಕ್ಕ," ಅಂದರು ಅವರು. "ಲೀಕ್ ಗೊತ್ತಾಗ್ಬಾರ್ದು ಅಂತ ಮಾಡಿದ್ದು."

ಮೊಬೈಲಿನಲ್ಲಿ ಫೋಟೋ ತೆಗೆದು ಸೀದಾ ನೆಲ್ಯಾಡಿಗೆ ಹೋದೆ. ಗಂಡ ಊರುಗೋಲು ಗೋಡೆಗೆ ಒರಗಿಸಿ ತಕ್ಕಡಿಯ ಹತ್ತಿರ ಕೂತಿದ್ದರು. ಅಣ್ಣ ಫೋಟೋ ನೋಡಿದ, ಮುಖ ಬದಲಾಗಲಿಲ್ಲ. ಹೌದು, ಸೋರುತ್ತಿತ್ತು, ಬಂದ್ ಮಾಡಿಸಿದ್ದೆ, ನಾನೂ ಅದರಲ್ಲೇ ಓಡಾಡಿದ್ದು ಎಂದ.

"ಕೊಡುವಾಗ ನಂಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ತಕೊಳ್ತಿದ್ದಿಯಾ?"

ಗಂಡನ ಕಡೆ ತಿರುಗಿದೆ. ಮುರಿದದ್ದು ಅವರ ಕಾಲು. ಅವರು ಫೋಟೋ ನೋಡಿದರು, ಅಣ್ಣನನ್ನು ನೋಡಿದರು, ಕೊನೆಗೆ ನೆಲ ನೋಡಿದರು.

"ಚಕ್ರಕ್ಕೆ ಒಂದು ಕಲ್ಲು ಇಡ್ಬಹುದಿತ್ತು ನೀನು," ಅಂದರು.

ಮತ್ತೆ ಇಬ್ಬರೂ ರಬ್ಬರ್ ಶೀಟಿನ ಮಾತಿಗೆ ತಿರುಗಿದರು. ನಾನು ಅಲ್ಲೇ ನಿಂತಿದ್ದೆ.

ಕಾರು ರಿಪೇರಿ ಮಾಡಿಸಿದೆ. ಅದೇ ನಿಶ್ಚಿತಾರ್ಥದ ಹುಡುಗಿಯ ಮದುವೆಯಲ್ಲಿ ಅಣ್ಣ ಪುನಃ ಆ ಕತೆ ತೆಗೆದ, ನಾನು ಹೇಗೆ ಬಾಗಿಲು ಹಿಡಿದು ಓಡಿದೆ ಎಂದು ನಟಿಸಿ ತೋರಿಸಿದ. ಎಲ್ಲರೂ ನಗುತ್ತಿರುವಾಗ ಪೈಪಿನ ವಿಷಯ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಆಮೇಲೆ ಗಂಡ, ಅವಳು ಹಾಗೇ ಹೇಳುದು, ನೀವು ಊಟ ಮಾಡಿ ಎಂದರು. ಎಲ್ಲರೂ ಊಟ ಮಾಡಿದರು.

ಆ ದಿನ ಅವರು ಅಣ್ಣನ ಕಾರಿನಲ್ಲಿ ಮನೆಗೆ ಬಂದರು. ಈಗ ಅಂಗಡಿಗೆ ಬಸ್ಸಿನಲ್ಲೇ ಹೋಗುತ್ತಾರೆ. ಬಸ್ಸಿನ ಮೆಟ್ಟಿಲು ಎತ್ತರ. ಆ ಕಾಲು ಎತ್ತಿ ಇಡುವಾಗ ಕಂಡಕ್ಟರ್ ರಟ್ಟೆ ಹಿಡಿದು ಎಳೆದುಕೊಳ್ಳಬೇಕು. ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಟಾಗ ಅವರು ಸ್ಟಾಪಿನಲ್ಲಿ ನಿಂತಿರುವುದು ಕಾಣುತ್ತದೆ. ಅವರು ಕೈ ತೋರಿಸುವುದಿಲ್ಲ. ನಾನು ನಿಲ್ಲಿಸುವುದಿಲ್ಲ.